ಬೆಲೆಯಿರಲಿ, ಬಲೆ ಬೇಡ

ಮೊದಲ ವಿಡಿಯೋ ಗೇಮನ್ನು ಉಚಿತವಾಗಿ ಹಂಚಿ, ಒಳಗೆ ನಾಣ್ಯ, ಆಯುಧಗಳನ್ನು ಮಾರುವುದೇ ಜಾಣತನವೆಂದು ಗಂಗಾವತಿ, ಕುಷ್ಟಗಿಗಳ ನನ್ನ ಕೆಲವು ಹಳೆಯ ವಿದ್ಯಾರ್ಥಿಗಳು ವಾದಿಸುತ್ತಾರೆ. ಈ ಲೆಕ್ಕವನ್ನು ನಾನು ಒಪ್ಪಲಾರೆ.

ನಮ್ಮ ಕಿನ್ನಾಳದ ಕಲಾವಿದರು ಗೊಂಬೆಯನ್ನು ಒಮ್ಮೆ ಮಾರುತ್ತಾರೆ. ಆಮೇಲೆ ಅದು ಮಗುವಿನದು. ಮರುದಿನ ಬಂದು ಮತ್ತೆ ಹತ್ತು ರೂಪಾಯಿ ಕೇಳುವುದಿಲ್ಲ. ‘ಉಚಿತ’ ಆಟವಾದರೋ ದಿನವೂ ಕೇಳುತ್ತದೆ. ತೆರುವುದು ದುಡಿಯುವ ತಂದೆಯ ಮೊಬೈಲು. ಒಳಗೇನಿದೆಯೆಂದು ತಿಳಿಸದೆ ಹಣಕ್ಕೆ ಮಾರುವ ಅದೃಷ್ಟದ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲಿಯೇ ಜೂಜೆಂದು ಪರಿಗಣಿಸಿತು.

ನೀತಿ ಹಾಗಿರಲಿ, ವ್ಯಾಪಾರವನ್ನೇ ನೋಡೋಣ. ಉಚಿತ ಆಟದಲ್ಲಿ ಹಣ ಕೊಡುವವರು ಕೆಲವರೇ. ಆದಾಯಕ್ಕೆ ಲಕ್ಷಾಂತರ ಆಟಗಾರರು ಬೇಕು. ಅವರನ್ನು ಸೆಳೆಯುವ ಜಾಹೀರಾತಿಗೆ ಹೊಸಬನಲ್ಲಿ ಹಣವೆಲ್ಲಿ? ಸ್ಟೀಮ್ ಮಳಿಗೆಗೆ 100 ಡಾಲರ್ ಶುಲ್ಕ ಕಟ್ಟಿ, ಆಟವನ್ನು 200 ರೂಪಾಯಿಗೆ ಮಾರಿದರೆ, ಶೇ. 30 ಮಳಿಗೆಯ ಪಾಲು. ತೆರಿಗೆಯ ಮಾತು ಬಿಟ್ಟರೆ 140 ರೂಪಾಯಿ ನಿಮ್ಮದು. ಎರಿಕ್ ಬರೋನ್ ಒಬ್ಬನೇ ರಚಿಸಿ 2016ರಲ್ಲಿ ಹೊರತಂದ ಸ್ಟಾರ್ಡ್ಯೂ ವ್ಯಾಲಿ ಹೀಗೆ ಒಂದೇ ಬೆಲೆಗೆ ಕೋಟಿಗಟ್ಟಲೆ ಮಾರಾಟವಾಯಿತು. ಮುಂದಿನ ಸೇರ್ಪಡೆಗಳಿಗೆ ಆತ ಹಣ ಕೇಳಲಿಲ್ಲ.

ಎಲ್ಲರಿಗೂ ಆ ಭಾಗ್ಯ ಸಿಗದು, ನಿಜ. ಆದರೂ ಮೊದಲ ಹಂತವನ್ನು ಉಚಿತವಾಗಿ ಆಡಿಸಿರಿ. ಪೂರ್ತಿ ಆಟಕ್ಕೆ ಒಂದೇ ಬೆಲೆ ಹೇಳಿರಿ. ದುಡಿದವರು ಬೆಲೆ ಹೇಳಲು ನಾಚಬೇಕಿಲ್ಲ.