ಹಳೆ ಪೀಠೋಪಕರಣಕ್ಕೆ ಹೊಸ ಬಣ್ಣ: ಉಜ್ಜಿದಾಗ ಏಳುವ ಧೂಳಿನಲ್ಲಿ ಏನಿರುತ್ತದೆ?

ಹಳೆ ಕುರ್ಚಿ, ಕಪಾಟು, ತೊಟ್ಟಿಲುಗಳನ್ನು ಕಡಿಮೆ ಬೆಲೆಗೆ ಕೊಂಡು ಮನೆಯಲ್ಲೇ ಹೊಸದಾಗಿಸುವ ವಿಡಿಯೋಗಳು ಈಗ ಬೇಕಾದಷ್ಟಿವೆ. ಸ್ಯಾಂಡ್ ಪೇಪರ್‌ನಿಂದ ಹಳೆ ಬಣ್ಣ ಉಜ್ಜಿ ತೆಗೆಯುವುದು, ಹೊಸ ಪೇಂಟ್ ಹೊಡೆಯುವುದು. ನೋಡಲು ಇಷ್ಟೇ ಕೆಲಸ. ಹಣ ಉಳಿಯುತ್ತದೆ, ಒಳ್ಳೆಯ ತೇಗದ ಮರ ಸೌದೆಯಾಗುವುದೂ ತಪ್ಪುತ್ತದೆ. ಆದರೆ ಬಣ್ಣ ಬಳಿದ ಹಳೆ ಸಾಮಾನನ್ನು ಉಜ್ಜುವ ಮುನ್ನ ಒಂದು ವಿಷಯ ತಿಳಿದಿರಬೇಕು. ಅದು ಸೀಸ.

ಬಣ್ಣದಲ್ಲಿ ಸೀಸ ಏಕಿತ್ತು?

ಸೀಸದ ಸಂಯುಕ್ತಗಳು ಬಣ್ಣಕ್ಕೆ ಗಾಢತೆ ಕೊಡುತ್ತವೆ, ಬೇಗ ಒಣಗಿಸುತ್ತವೆ, ಹೆಚ್ಚು ಕಾಲ ಬಾಳಿಕೆ ಬರುವಂತೆ ಮಾಡುತ್ತವೆ. ಹಳದಿ, ಕಿತ್ತಳೆ ಬಣ್ಣಗಳಿಗೆ ಲೆಡ್ ಕ್ರೋಮೇಟ್, ಬಿಳಿಗೆ ಲೆಡ್ ಕಾರ್ಬೋನೇಟ್ ಬಳಸುತ್ತಿದ್ದರು. ಅಮೆರಿಕ 1978ರಲ್ಲೇ ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿತು. ಭಾರತದಲ್ಲಿ ಇದಕ್ಕೆ ಕಡ್ಡಾಯ ಮಿತಿ ಬಂದದ್ದು 2016ರಲ್ಲಿ ಹೊರಡಿಸಿದ ನಿಯಮದಿಂದ. ಅದು 2017ರ ನವೆಂಬರ್‌ನಿಂದ ಜಾರಿಯಾಯಿತು. ಅದರಂತೆ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರುವಂತಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸಿಗುವ ಎಷ್ಟೋ ಸಾಮಾನುಗಳು ಇದಕ್ಕಿಂತ ಹಳೆಯವು.

"ಒಣಗಿದ ಬಣ್ಣದಿಂದ ಏನಾಗುತ್ತದೆ?"

ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣದಿಂದ ಹೆಚ್ಚಿನ ಅಪಾಯವಿಲ್ಲ ಎಂಬುದು ನಿಜ. ಆದರೆ ಉಜ್ಜಿದಾಗ ಅದೇ ಬಣ್ಣ ನುಣ್ಣನೆಯ ಪುಡಿಯಾಗುತ್ತದೆ. ಪುಡಿ ಉಸಿರಿನ ಜೊತೆ ಒಳಹೋಗುತ್ತದೆ, ನೆಲ, ಬಟ್ಟೆ, ಆಟಿಕೆಗಳ ಮೇಲೆ ಕೂರುತ್ತದೆ. ನೆಲದಲ್ಲಿ ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗಿಟ್ಟುಕೊಂಡರೆ ಸೀಸ ಹೊಟ್ಟೆ ಸೇರುತ್ತದೆ.

ಹೊಟ್ಟೆಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಕಲಿಕೆ, ಗಮನ, ನಡವಳಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗರ್ಭಿಣಿಯರೂ ಈ ಧೂಳಿನಿಂದ ದೂರವಿರಬೇಕು. ಸೀಸ ದೇಹ ಸೇರಿದರೂ ಮೊದಮೊದಲು ಯಾವ ಲಕ್ಷಣವೂ ಕಾಣದಿರಬಹುದು, ರಕ್ತಪರೀಕ್ಷೆಯಿಂದಲೇ ಗೊತ್ತಾಗಬೇಕು.

ನೋಡಿ ಕಂಡುಹಿಡಿಯಬಹುದೇ?

ಇಲ್ಲ. ವಾಸನೆ, ಹೊಳಪು, ಬ್ರಾಂಡ್ ಯಾವುದರಿಂದಲೂ ತಿಳಿಯದು. ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯದ ಪರೀಕ್ಷೆ ಮಾತ್ರ. ಅದು ಸಾಧ್ಯವಾಗದಿದ್ದರೆ, 2017ಕ್ಕಿಂತ ಹಿಂದಿನದು ಅಥವಾ ಕಾಲ ಗೊತ್ತಿಲ್ಲದ ಎನಾಮೆಲ್ ಬಣ್ಣದಲ್ಲಿ ಸೀಸವಿದೆ ಎಂದೇ ಭಾವಿಸಿ ಕೆಲಸ ಮಾಡುವುದು ಕ್ಷೇಮ. ಮರದ ಗೆರೆಗಳು ಕಾಣುವಂತೆ ಬರೀ ಪಾಲಿಶ್ ಮಾಡಿದ ಸಾಮಾನಿನಲ್ಲಿ ಈ ಆತಂಕ ಕಡಿಮೆ. ಆದರೂ ಮರದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಬೇಕೇ ಬೇಕು.

ಹಾಗಾದರೆ ಹೇಗೆ ಮಾಡಬೇಕು?

ಮೊದಲ ಪ್ರಶ್ನೆ: ಹಳೆ ಬಣ್ಣವನ್ನು ಪೂರ್ತಿ ತೆಗೆಯಲೇಬೇಕೇ? ಎಲ್ಲೂ ಏಳದೆ ಗಟ್ಟಿಯಾಗಿದ್ದರೆ ಬೇಕಿಲ್ಲ. ಸೋಪಿನ ನೀರಿನಲ್ಲಿ ಒರೆಸಿ, ವಾಟರ್ ಪೇಪರ್ ಒದ್ದೆ ಮಾಡಿಕೊಂಡು ಹಗುರವಾಗಿ ಉಜ್ಜಿ, ಒಣಗಿದ ಮೇಲೆ ಪ್ರೈಮರ್ ಮತ್ತು ಹೊಸ ಬಣ್ಣ ಹಚ್ಚಿದರೆ ಸಾಕು. ಒದ್ದೆಯಾಗಿದ್ದರೆ ಪುಡಿ ಗಾಳಿಗೆ ಏಳುವುದಿಲ್ಲ.

• ಕೆಲಸ ಮನೆಯ ಹೊರಗಿರಲಿ, ಮಕ್ಕಳು ಹತ್ತಿರ ಬರದಿರಲಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ.
• ಕರವಸ್ತ್ರ, ಬಟ್ಟೆಯ ಮಾಸ್ಕ್ ನುಣ್ಣನೆಯ ಧೂಳನ್ನು ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಆದರೂ ಇರಲಿ.
• ಉಜ್ಜುವ ಯಂತ್ರ ಬೇಡ. ಬಣ್ಣವನ್ನು ಬೆಂಕಿಯಿಂದ ಸುಡಲೂಬಾರದು. ಸೀಸ ಹೊಗೆಯಾಗಿ ಏಳುತ್ತದೆ.
• ಪೇಂಟ್ ರಿಮೂವರ್ ಬಳಸುವುದಾದರೆ ಬಯಲಲ್ಲೇ ಬಳಸಿ. ಕೆಲವದರಲ್ಲಿರುವ ಮಿಥಿಲೀನ್ ಕ್ಲೋರೈಡ್‌ನ ಆವಿ ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆದ ಉದಾಹರಣೆಗಳಿವೆ.
• ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕೈ, ಮುಖ ತೊಳೆದ ಮೇಲೆಯೇ ಊಟ. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.
• ತೆಗೆದ ಬಣ್ಣದ ಚೂರುಗಳನ್ನು ಒಲೆಗೆ, ಗಿಡದ ಬುಡಕ್ಕೆ ಹಾಕಬೇಡಿ.

ತೊಟ್ಟಿಲಿನ ಮಾತು ಬೇರೆ

ಹಲ್ಲು ಬರುವ ಮಗು ತೊಟ್ಟಿಲಿನ ಅಂಚನ್ನು ಕಚ್ಚುತ್ತದೆ. ಮೇಲಿನ ಹೊಸ ಪದರ ಕಿತ್ತುಬಂದರೆ ಕೆಳಗಿನ ಹಳೆ ಬಣ್ಣ ಬಾಯಿಗೆ ಹೋಗುತ್ತದೆ. ಆದ್ದರಿಂದ ಹಳೆ ಬಣ್ಣದ ತೊಟ್ಟಿಲು, ಮಕ್ಕಳ ಕುರ್ಚಿ, ಆಟಿಕೆಗಳಿಗೆ ಮೇಲೆ ಬಣ್ಣ ಹಚ್ಚಿ ಮುಚ್ಚುವ ಉಪಾಯ ಸಾಲದು. ಪರೀಕ್ಷೆ ಮಾಡಿಸದೆ ಅವನ್ನು ಮಗುವಿಗೆ ಕೊಡದಿರುವುದೇ ಮೇಲು. ಹೊಸ ಬಣ್ಣ ಕೊಳ್ಳುವಾಗಲೂ ಡಬ್ಬಿಯ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಎಂದು ಬರೆದಿದೆಯೇ ನೋಡಿಕೊಳ್ಳಿ. ಉಜ್ಜುವ ಕೆಲಸಕ್ಕೆ ಬಡಗಿಯನ್ನೋ ಪೇಂಟರನ್ನೋ ಕರೆದರೂ ಈ ಎಚ್ಚರಿಕೆಗಳು ಅವರಿಗೂ ಅನ್ವಯಿಸುತ್ತವೆ; ದಿನವೂ ಆ ಧೂಳಿನಲ್ಲಿ ಕೆಲಸ ಮಾಡುವವರು ಅವರೇ.