ಮಂತ್ರ ನಮಗ, ಇಂಜೆಕ್ಷನ್ ಅವರಿಗ



ರಟ್ಟೀಹಳ್ಳಿ ಸುತ್ತಿನ ನಮ್ಮ ಕೇರಿಗಳಲ್ಲಿ ಯಾರಿಗೇ ಜಡ್ಡು ಬರಲಿ, ಡಾಕ್ಟರಿಗಿಂತ ಮೊದಲು ಬರುವುದು ಸಲಹೆ. ಕಾಮಣಿ ಆದ್ರ ಬರೆ ಹಾಕಸು, ನಾಯಿ ಕಚ್ಚಿದ್ರ ಬೇರಿನ ಔಷಧ ಕುಡಸು, ಹಾವು ಕಡದ್ರ ಇಂಥವರ ಹತ್ರ ಮಂತ್ರ ಹಾಕಸು, ಕೂಸು ಹಾಲು ಕುಡೀದಿದ್ರ ದೃಷ್ಟಿ ತಗಿ. ಸಲಹೆಗೆ ರೊಕ್ಕ ಇಲ್ಲ. ಈಗೀಗ ಸಲಹೆ ಕೊಡುವವರಲ್ಲಿ ಪ್ಯಾಟಿಯ ಓದಿದ ಮಂದಿಯೂ ಸೇರಿದ್ದಾರೆ. ‘ನಿಮ್ಮ ಹತ್ರ ಇರೋದು ದೊಡ್ಡ ಜ್ಞಾನ, ಅದನ್ನ ಬಿಡಬ್ಯಾಡ್ರಿ’ ಎಂದು ಕೇರಿಗೆ ಬಂದು ಹೇಳಿ ಹೋಗುತ್ತಾರೆ. ಅವರಿಗೆ ಎದಿ ನೋವು ಬಂದ ದಿನ ಕಾರು ಸೀದಾ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗುತ್ತದೆ.

ನಾವು ಕಂಡದ್ದನ್ನು ಹೇಳುತ್ತೇವೆ. ನಮ್ಮ ಕೇರಿಯ ಹುಡುಗ, ಇಪ್ಪತ್ತೆರಡು ವರ್ಷದವನು, ದಣಿಯ ಹೊಲದ ಗೋವಿನಜೋಳಕ್ಕೆ ನೀರು ಹಾಯಿಸಲು ಹೋಗಿದ್ದ. ಪಂಪಿಗೆ ಕರೆಂಟು ಕೊಡುವುದು ರಾತ್ರಿ. ದಣಿ ಮಲಗಿರುತ್ತಾನೆ, ಬರಿಗಾಲಲ್ಲಿ ಬದುವಿನ ಮೇಲೆ ನಿಂತಿರುವವರು ನಾವು. ಕೊಳಕುಮಂಡಲ ಕಡಿಯಿತು. ದಣಿಗೆ ಸುದ್ದಿ ಮುಟ್ಟಿಸಿದರೆ ಅವನು ಗಾಡಿ ತೆಗೆಯಲಿಲ್ಲ. ‘ಮಂತ್ರದವರ ಹತ್ರ ಕರಕೊಂಡು ಹೋಗ್ರಿ, ನಿಮ್ಮ ಮಂದಿಗೆ ಅದ ಹತ್ತತೈತಿ’ ಅಂದ.

ಮಂತ್ರದವನು ಕಟ್ಟೆಯ ಮೇಲೆ ಕುಂತ. ನಾವು ಕೆಳಗೆ. ಹುಡುಗನ ಮೈ ಮುಟ್ಟಲಿಲ್ಲ. ಬೇವಿನ ಸೊಪ್ಪು ಮೇಲಿಂದ ಒಗೆದು, ‘ತಿನ್ನು, ಕಹಿ ಹತ್ತತೈತೇನು?’ ಎಂದು ಕೇಳಿದ. ಕಹಿ ಹತ್ತೈತಿ ಅಂದ ಹುಡುಗ. ಹಂಗಾರ ವಿಷ ಏರಿಲ್ಲ ಅಂದ. ಕಾಲಿಗೆ ಹಗ್ಗ ಬಿಗಿದೆವು. ಅವನು ಹೇಳಿದಂತೆ ನಾವೇ ಬ್ಲೇಡಿನಿಂದ ಗಾಯ ಕೊಯ್ದೆವು. ಹೌದು, ನಮ್ಮ ಕೈಯಿಂದಲೇ. ರಕ್ತ ನಿಲ್ಲಲಿಲ್ಲ. ‘ವಿಷ ಹೊರಗ ಹೊಂಟೈತಿ, ಚಲೋ ಆತು’ ಅಂದ. ಬೆಳಗಾಗುವಾಗ ಹುಡುಗನ ವಸಡಿನಿಂದಲೂ ರಕ್ತ ಬಂತು. ಆಗ ಹೊತ್ತುಕೊಂಡು ಓಡಿದೆವು. ಮೊದಲು ಹೋದ ದವಾಖಾನಿಯಲ್ಲಿ ಔಷಧ ಇಲ್ಲ ಎಂದು ಮುಂದಕ್ಕೆ ಕಳಿಸಿದರು. ಎರಡನೆಯದರಲ್ಲಿ ಔಷಧ ಇತ್ತು, ಹೊತ್ತು ಮೀರಿತ್ತು. ಮೂರನೆಯ ದಿನ ಉಚ್ಚಿ ನಿಂತಿತು. ಐದನೆಯ ದಿನ ಹೆಣ ತಂದೆವು.

ಮುಂದಿನ ಮಳೆಗಾಲ ಅದೇ ದಣಿಯ ಮಗನಿಗೆ ಹಾವು ಕಡಿಯಿತು. ಕಟ್ಟೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಗಾಡಿ ಹೊರಟಿತು, ಡ್ರಿಪ್ ಹಾಕಿದರು, ವಾರದಲ್ಲಿ ಹುಡುಗ ಮನೆಗೆ ಬಂದ. ಅವನು ಬದುಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅವನ ಅಪ್ಪನಿಗೆ ಯಾವುದು ಮದ್ದು, ಯಾವುದು ಮದ್ದಲ್ಲ ಎಂಬುದು ಮೊದಲಿನಿಂದಲೂ ಗೊತ್ತಿತ್ತು ಎಂಬುದನ್ನು ನಾವು ಮರೆಯುವುದಿಲ್ಲ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಅಂಥ ಮೈಯನ್ನು ಬ್ಲೇಡಿನಿಂದ ಕೊಯ್ದರೆ ಹೊರಗೆ ಬರುವುದು ವಿಷವಲ್ಲ, ಜೀವ. ಇದನ್ನು ಪತ್ತೆ ಹಚ್ಚಲು ದೊಡ್ಡ ಮಶೀನು ಬೇಡ. ಒಣಗಿದ ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ಮಿನಿಟು ಅಲುಗಾಡಿಸದೆ ಇಟ್ಟು ನೋಡಿದರೆ ತಿಳಿಯುತ್ತದೆ: ಹೆಪ್ಪುಗಟ್ಟದೇ ಇದ್ದರೆ ವಿಷ ಏರಿದೆ. ಬೇವಿನ ಸೊಪ್ಪು ಇದನ್ನು ಹೇಳುವುದಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ನಮ್ಮ ದೇಶದಲ್ಲಿ ಒಂದೇ ಮದ್ದು ತಯಾರಾಗುತ್ತದೆ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚಿ, ಅದರ ರಕ್ತದಿಂದ ತೆಗೆದದ್ದು.

ಹಂಗಾರ ಮಂತ್ರದಿಂದ ಉಳಿದವರು ಇಲ್ಲೇನು ಎಂದು ನಮ್ಮ ಹಿರಿಯರು ಕೇಳುತ್ತಾರೆ. ಅದಾರ ಯಜ್ಜಾ, ಬಾಳ ಮಂದಿ ಅದಾರ. ಕೆರೆಹಾವು, ನೀರುಹಾವು ಕಡಿದರೆ ಯಾರೂ ಸಾಯುವುದಿಲ್ಲ. ವಿಷದ ಹಾವೂ ಎಷ್ಟೋ ಸಲ ಹಲ್ಲು ಊರುತ್ತದೆ, ವಿಷ ಬಿಡುವುದಿಲ್ಲ. ಅವರೆಲ್ಲ ಮಂತ್ರದವನ ಲೆಕ್ಕಕ್ಕೆ ಜಮಾ. ಸತ್ತವರು ಹಣೆಬರಹದ ಲೆಕ್ಕಕ್ಕೆ. ಕಾಮಣಿಯ ಬರೆಯೂ ಇಂಥದೇ. ಹೊಲಸು ನೀರಿನಿಂದ ಬರುವ ಕಾಮಣಿ ಬಹುಪಾಲು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ನಮ್ಮ ಮುಂಗೈ ಮೇಲಿನ ಬರೆ ಮಾತ್ರ ಸಾಯುವ ತನಕ ಇಳಿಯುವುದಿಲ್ಲ. ಹುಚ್ಚು ನಾಯಿಯ ಮಾತು ಇನ್ನೂ ಘೋರ. ರೋಗದ ಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಎನ್ನಬೇಕು. ಕಚ್ಚಿದ ಕೂಡಲೇ ಸಾಬೂನು ಹಚ್ಚಿ 15 ಮಿನಿಟು ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಮೊದಲ ಸೂಜಿ, ಆ ಮೇಲೆ ಹೇಳಿದ ದಿನಗಳಲ್ಲಿ ಉಳಿದ ಸೂಜಿ. ಬೇರು ಕುಡಿದು ಪಥ್ಯ ಮಾಡುತ್ತ ಕೂಡುವ ಹೊತ್ತು ಅಲ್ಲ ಅದು.

ಮೈ ಜಡ್ಡಿಗೆ ದೇವರ ಹೆಸರಿನ ಮದ್ದು ನಮ್ಮ ಮಾನವನ್ನೇ ಕೇಳುತ್ತ ಬಂದಿದೆ. ಸೊರಬ ತಾಲೂಕಿನ ಚಂದ್ರಗುತ್ತಿಗೆ ನಮ್ಮ ಸೀಮೆಯ ಹೆಣ್ಣುಮಕ್ಕಳು ಜಡ್ಡು ಹೋಗಲಿ, ಮಕ್ಕಳಾಗಲಿ ಎಂದು ಬೆತ್ತಲೆ ಸೇವೆಗೆ ಹರಕೆ ಹೊರುತ್ತಿದ್ದರು. 1986ರ ಮಾರ್ಚಿನಲ್ಲಿ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯವರನ್ನೂ ಪೊಲೀಸರನ್ನೂ ಬಡಿದು ಬೆತ್ತಲೆ ಮಾಡಿದರು. ಆ ಮೇಲೆ ಸರಕಾರ ಅದನ್ನು ನಿಷೇಧಿಸಿತು. ಕುಕ್ಕೆಯಲ್ಲಿ ಬ್ರಾಹ್ಮಣರು ಉಂಡ ಎಂಜಲೆಲೆಯ ಮೇಲೆ ಉರುಳಿದರೆ ಚರ್ಮರೋಗ ಹೋಗುತ್ತದೆ ಎಂದು ಉರುಳಿಸಿದರು. ತಲೆಯಲ್ಲಿ ಜಡೆಗಟ್ಟಿದರೆ ಎಣ್ಣೆ ಹಚ್ಚಿ ಬಿಡಿಸುವ ಬದಲು ಎಲ್ಲವ್ವ ಕರೆದಳು ಎಂದು ಹುಡುಗಿಯನ್ನೇ ಬಿಟ್ಟರು. ಇಲ್ಲಿ ಬರೀ ಮೇಲಿನವರನ್ನು ಬೈದರೆ ಸಾಲದು. ಮುತ್ತು ಕಟ್ಟಿಸಲು ಮಗಳ ಕೈ ಹಿಡಿದು ಹೋದವರು ನಾವೇ.

ಹಾಗಂತ ಅಜ್ಜಿಯ ಕಷಾಯವನ್ನು ಒದೆಯಬೇಕೆಂದು ನಾವು ಹೇಳುತ್ತಿಲ್ಲ. ನೆಗಡಿಗೆ ಶುಂಠಿ ಇರಲಿ. ನಮ್ಮ ಅಜ್ಜಿಯರು ಊರಿನ ಬಾಣಂತನ ಮಾಡಿದವರು. ಹಿತ್ತಲ ಬಾಗಿಲಿಂದ ಕರೆದು, ಹೊಕ್ಕುಳ ಬಳ್ಳಿ ಕೊಯ್ಯಿಸಿ, ಮಾಸ ಹೂಳಿಸಿ, ಆ ಮೇಲೆ ಗೋಮೂತ್ರ ಚಿಮುಕಿಸಿ ಮನೆ ಶುದ್ಧ ಮಾಡಿಕೊಂಡರು. ಕೈಯ ವಿದ್ಯೆ ನಮ್ಮದಾದರೆ ಅದು ಹೊಲಸು, ಬಾಯಿಯ ಮಂತ್ರ ಅವರದಾದರೆ ಅದು ಶಾಸ್ತ್ರ! ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಂತೋಷ. ನಮ್ಮ ಅಜ್ಜಿಯರಿಗೆ ಒಂದು ಸೇರು ಜೋಳ, ಹಳೇ ಸೀರೆ ಬಂತು.

ಪ್ರಕೃತಿ ಚಿಕಿತ್ಸೆಯ ಉಪದೇಶ ಮಾಡುವವರಿಗೆ ಒಂದು ಮಾತು. ಗಾಂಧಿಯವರು 1909ರಲ್ಲಿ ‘ಹಿಂದ್ ಸ್ವರಾಜ್’ ಬರೆದು ಡಾಕ್ಟರನ್ನೂ ಆಸ್ಪತ್ರೆಯನ್ನೂ ಜರೆದರು. ಮಣ್ಣಿನ ಪಟ್ಟಿ, ಉಪವಾಸ ಎಂದರು. 1924ರ ಜನವರಿಯಲ್ಲಿ, ಯರವಡಾ ಜೈಲಿನಲ್ಲಿದ್ದಾಗ, ಅಪೆಂಡಿಸೈಟಿಸ್ ಆಯಿತು. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಎಂಬ ಇಂಗ್ರೇಜಿ ಡಾಕ್ಟರು ಹೊಟ್ಟೆ ಕೊಯ್ದು ಉಳಿಸಿದ. ಅವರು ಒಪ್ಪಿಕೊಂಡದ್ದು ತಪ್ಪಲ್ಲ. ಜೀವ ದೊಡ್ಡದು. ನಮ್ಮದೂ ಅಷ್ಟೇ ದೊಡ್ಡದು.

ನಮ್ಮ ಮಂದಿ ಮಂತ್ರದ ಕಟ್ಟೆಗೆ ಹೋಗುವುದು ಬರೀ ಮೂಢತನದಿಂದಲ್ಲ. ಕಟ್ಟೆ ಹತ್ತಿರ ಇದೆ, ರಾತ್ರಿಯೂ ತೆರೆದಿರುತ್ತದೆ. ದವಾಖಾನಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಚೀಟಿ ಬರೆಯುವವನು ಮೂಗು ಮುರಿದ, ಔಷಧ ಇಲ್ಲ ಎಂದ. 2000ರಿಂದ 2019ರ ತನಕ ಈ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿದು ಸತ್ತರೆಂದು ಅಂದಾಜು. ಹೆಚ್ಚಿನವರು ಹಳ್ಳಿಯವರು. ಹಾವು, ನಾಯಿ ಕಚ್ಚಿದವರನ್ನು ಚಿಕಿತ್ಸೆಗೆ ಬಿಡದೆ ಮಂತ್ರಕ್ಕೆ ಕೂಡಿಸುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. 2024ರ ಫೆಬ್ರುವರಿಯಿಂದ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಯವರು ಸರಕಾರಕ್ಕೆ ವರದಿ ಮಾಡಬೇಕು. ಕಾಯ್ದೆ ಇದೆ, ವರದಿ ಇದೆ. ಸೀಸೆ ಎಲ್ಲಿ?

ನಮ್ಮ ಬೇಡಿಕೆ ಸಣ್ಣದು. ಹಾವಿನ ಮದ್ದಿನ ಸೀಸೆ ಎಷ್ಟಿವೆ, ನಾಯಿ ಕಡಿತದ ಸೂಜಿ ಎಷ್ಟಿವೆ, ರಾತ್ರಿ ಯಾವ ಡಾಕ್ಟರು ಇರುತ್ತಾರೆ, ಇದನ್ನು ದಿನಾ ದವಾಖಾನಿಯ ಬಾಗಿಲ ಹಲಗೆಯ ಮೇಲೆ ಬರೆಯಬೇಕು. ರಾತ್ರಿ ನೀರು ಹಾಯಿಸಲು ಕಳಿಸುವ ದಣಿಗಳು ಕೂಲಿಯವನಿಗೆ ಬೂಟು, ಬ್ಯಾಟರಿ ಕೊಡಬೇಕು. ಅರ್ಜಿ ಕೊಟ್ಟಿದ್ದೇವೆ. ಸಹಿ 41, ಉಳಿದವು ಹೆಬ್ಬೆಟ್ಟು. ಉತ್ತರ ಬಂದಿಲ್ಲ. ಬರೋ ಸೋಮವಾರ ಸಂತಿ ಮೈದಾನದಿಂದ ಹತ್ತು ಗಂಟೆಗೆ ಮತ್ತ ಹೊಂಟೀವಿ. ಆ ಹುಡುಗನ ಅವ್ವನೂ ಬರ್ತಾಳ.