ಬೋರ್ಡು ಓದುವ ಮಕ್ಕಳೆಲ್ಲಿ?



೨೦೨೩ರ ಡಿಸೆಂಬರ್ ೨೭ರಂದು ಬೆಂಗಳೂರಿನ ಬೀದಿಗಳಲ್ಲಿ ನಡೆದದ್ದು ನಿಮಗೆಲ್ಲ ನೆನಪಿದೆ. ನಾಮಫಲಕದಲ್ಲಿ ಶೇಕಡಾ ೬೦ ಕನ್ನಡ ಇರಲೇಬೇಕೆಂದು ನಮ್ಮ ಹುಡುಗರು ಬೀದಿಗಿಳಿದರು, ಪೊಲೀಸರ ಕೈಗೆ ಸಿಕ್ಕರು, ಜೈಲಿಗೂ ಹೋದರು. ಮರುವರ್ಷ ಅದು ಕಾನೂನಾಯಿತು. ಆಗಬೇಕಾದದ್ದೇ, ತಡವಾಗಿಯಾದರೂ ಆಯಿತು. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಆ ಬೋರ್ಡಿನ ಕೆಳಗೆ ನಿಂತ ನಮ್ಮದೇ ಕನ್ನಡದ ಮಗುವಿಗೆ ಅದರಲ್ಲಿ ಬರೆದದ್ದನ್ನು ಓದಲು ಬಾರದಿದ್ದರೆ?

ಉತ್ಪ್ರೇಕ್ಷೆ ಅನ್ನಬೇಡಿ. ಪ್ರಥಮ್ ಸಂಸ್ಥೆಯವರು ಹಳ್ಳಿ ಹಳ್ಳಿಗೆ ಹೋಗಿ ಮಾಡುವ ಅಸರ್ ಸಮೀಕ್ಷೆ ಇದೆ. ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ, ಅಷ್ಟೆ. ೨೦೧೮ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮೂರನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ೧೯ ಜನ. ಅದೇ ನಾಚಿಕೆಗೇಡು. ೨೦೨೨ರಲ್ಲಿ ಮತ್ತೆ ಕೇಳಿದಾಗ ಆ ಸಂಖ್ಯೆ ೯ಕ್ಕಿಂತ ಕೆಳಗಿಳಿದಿತ್ತು. ಇಂಗ್ಲಿಷ್ ಓದಲು ಬಾರದ ಲೆಕ್ಕವಲ್ಲ ಇದು ಸ್ವಾಮಿ, ಕನ್ನಡ ಓದಲು ಬಾರದ ಲೆಕ್ಕ!

ಈ ನಡುವೆ ಆದದ್ದೇನು? ಶಾಲೆಗೆ ಬೀಗ.

೨೦೨೦ರ ಮಾರ್ಚ್‌ನಲ್ಲಿ ಬೀಗ ಹಾಕಿದ್ದನ್ನು ನಾವು ತಪ್ಪೆನ್ನುವುದಿಲ್ಲ. ರೋಗ ಹೊಸದು, ಯಾರಿಗೂ ಏನೂ ಗೊತ್ತಿರಲಿಲ್ಲ. ೨೦೨೧ರ ಏಪ್ರಿಲ್-ಮೇ ತಿಂಗಳಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತ ದಿನಗಳಲ್ಲಿ, ಚಾಮರಾಜನಗರದ ಆಸ್ಪತ್ರೆಯ ಆ ಒಂದು ರಾತ್ರಿಯ ನಂತರ, ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಯಾರು ಹೇಳುತ್ತಾರೆ? ನಮ್ಮ ತಕರಾರು ಮುಚ್ಚಿದ್ದರ ಬಗ್ಗೆ ಅಲ್ಲ, ಆಮೇಲೆ ಯಾವುದನ್ನು ಮೊದಲು ತೆರೆದರು ಎನ್ನುವುದರ ಬಗ್ಗೆ.

ಲೆಕ್ಕ ನೋಡಿ. ೨೦೨೦ರ ಮೇ ೪ರಂದು ನಮ್ಮ ರಾಜ್ಯದಲ್ಲಿ ಹೆಂಡದಂಗಡಿ ತೆರೆಯಿತು. ಲಾಕ್‌ಡೌನ್ ಶುರುವಾಗಿ ಆರು ವಾರವೂ ಆಗಿರಲಿಲ್ಲ. ಬೊಕ್ಕಸ ಖಾಲಿ, ದುಡ್ಡು ಬೇಕು ಅಂದರು. ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಮತಗಟ್ಟೆ ಎಲ್ಲಿ? ಮಕ್ಕಳಿಗೆ ಬೀಗ ಹಾಕಿದ್ದ ಅದೇ ಸರ್ಕಾರಿ ಶಾಲೆಯ ಕೋಣೆಗಳಲ್ಲಿ! ೨೦೨೧ರ ಫೆಬ್ರವರಿಯಲ್ಲಿ ಚಿತ್ರಮಂದಿರಕ್ಕೆ ಅರ್ಧ ಜನ ಸಾಕು ಎಂದಾಗ ಚಿತ್ರರಂಗದವರು ದನಿ ಎತ್ತಿದರು, ಸರ್ಕಾರ ಎರಡೇ ದಿನದಲ್ಲಿ ಬಗ್ಗಿ ಪೂರ್ತಿ ತುಂಬಿಸಿಕೊಳ್ಳಿ ಎಂದಿತು. ಏಪ್ರಿಲ್ ೧೭ಕ್ಕೆ ಬೆಳಗಾವಿ, ಮಸ್ಕಿ, ಬಸವಕಲ್ಯಾಣದ ಉಪಚುನಾವಣೆ. ಆ ಕೆಲಸಕ್ಕೆ ಹೋಗಿ ಸೋಂಕು ತಗುಲಿ ಜೀವ ಕಳೆದುಕೊಂಡ ಮೇಷ್ಟ್ರುಗಳಿದ್ದಾರೆ. ಮತ್ತೆ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು ಯಾವಾಗ? ೨೦೨೧ರ ಅಕ್ಟೋಬರ್ ೨೫. ಅಂಗನವಾಡಿ ತೆರೆದದ್ದು ನವೆಂಬರ್ ೮.

ಹತ್ತೊಂಬತ್ತು ತಿಂಗಳು! ಎಣ್ಣೆಯವರಿಗೆ ಓಟಿದೆ, ಸಿನಿಮಾದವರಿಗೆ ಅಭಿಮಾನಿಗಳಿದ್ದಾರೆ. ಆರು ವರ್ಷದ ಮಗುವಿಗೆ ಏನಿದೆ?

ಆನ್‌ಲೈನ್ ತರಗತಿ ಇತ್ತಲ್ಲ ಅನ್ನುತ್ತೀರಿ. ಇತ್ತು, ಯಾರಿಗೆ? ೨೦೨೦ರ ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ನಿಷೇಧ ಹಾಕಿತು. ಕೆಲವು ಪೋಷಕರು ಹೈಕೋರ್ಟಿಗೆ ಹೋದರು. ಶಿಕ್ಷಣ ಮಗುವಿನ ಮೂಲಭೂತ ಹಕ್ಕು ಎಂದು ಕೋರ್ಟು ಜುಲೈ ೮ರಂದು ಆ ನಿಷೇಧಕ್ಕೆ ತಡೆ ಕೊಟ್ಟಿತು. ಹಕ್ಕು ನಿಜ. ಆದರೆ ಆ ಹಕ್ಕು ತಲುಪಬೇಕಾದ ತಂತಿ ಯಾರ ಮನೆಗಿತ್ತು? ಕೇಂದ್ರ ಸರ್ಕಾರದ್ದೇ ೨೦೧೭-೧೮ರ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ನೂರಕ್ಕೆ ೧೫ ಮನೆಗಳಿಗೆ ಇಂಟರ್ನೆಟ್, ಕಂಪ್ಯೂಟರ್ ಇದ್ದದ್ದು ೪-೫ ಮನೆಯಲ್ಲಿ. ಮನೆಯಲ್ಲಿ ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ. ಅಪ್ಪ ಗಾರೆ ಕೆಲಸಕ್ಕೆ ಹೋದರೆ ಫೋನೂ ಹೋಯಿತು, ಪಾಠವೂ ಹೋಯಿತು. ಮೂರು ಮಕ್ಕಳಿದ್ದರೆ ಫೋನು ದೊಡ್ಡ ಹುಡುಗನಿಗೆ, ಹುಡುಗಿಗೆ ಪಾತ್ರೆ. ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿ ಮಳೆಯಲ್ಲಿ ಕೊಡೆ ಹಿಡಿದು ಕೂತ ಚಿತ್ರವನ್ನು ಪೇಪರಿನಲ್ಲಿ ಹಾಕಿ ‘ಛಲ’ ಎಂದು ಹೊಗಳಿದರು. ಹೊಗಳುವುದಕ್ಕೆ ಟವರು ಹಾಕಬೇಕಾಗಿಲ್ಲ ನೋಡಿ.

ಇನ್ನು ಆ ಫೋನಿನೊಳಗೆ ಇದ್ದದ್ದಾದರೂ ಏನು? ಆ್ಯಪುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ನಮ್ಮ ಬೆಂಗಳೂರಿನಲ್ಲೇ ಬೆಳೆದು, ಭಾರತದ ಕ್ರಿಕೆಟ್ ಆಟಗಾರರ ಅಂಗಿಯ ಮೇಲೆ ಹೆಸರು ಬರೆಸಿಕೊಂಡ ಬೈಜೂಸ್ ಕಂಪನಿ ಆ ದಿನಗಳಲ್ಲಿ ಉಬ್ಬಿದ್ದೇ ಉಬ್ಬಿದ್ದು. ೨೦೨೪ರಲ್ಲಿ ಅದು ದಿವಾಳಿ ನ್ಯಾಯಮಂಡಳಿಯ ಮುಂದೆ ನಿಂತಿತು, ಆ ಮಾತು ಬೇರೆ. ಕನ್ನಡ ಶಾಲೆಯ ಮಗುವಿಗೆ ಸಿಕ್ಕಿದ್ದು ದೂರದರ್ಶನ ಚಂದನದ ‘ಸೇತುಬಂಧ’. ೨೦೨೦ರ ಜುಲೈನಲ್ಲಿ ಶುರುವಾದದ್ದು ಎಂಟು, ಒಂಬತ್ತು, ಹತ್ತನೇ ತರಗತಿಗೆ. ಪಾಠ ಮಾಡಿದ ಮೇಷ್ಟ್ರುಗಳು ಒಳ್ಳೆಯವರೇ. ಆದರೆ ‘ಅ’ ತಿದ್ದಬೇಕಾದ ಮಗುವಿನ ಕೈ ಹಿಡಿಯಲು ಟಿವಿಗೆ ಕೈ ಇಲ್ಲವಲ್ಲ!

ಒಂದು ಒಳ್ಳೆಯ ಕೆಲಸ ನಡೆಯಿತು, ಅದನ್ನು ಹೇಳದಿದ್ದರೆ ಅನ್ಯಾಯ. ವಿದ್ಯಾಗಮ. ೨೦೨೦ರ ಆಗಸ್ಟ್‌ನಿಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಕರಿಹಲಗೆ ಹೊತ್ತುಕೊಂಡು ಹಳ್ಳಿಗೆ ಹೋದರು. ಅರಳಿಕಟ್ಟೆಯ ಮೇಲೆ, ಗುಡಿಯ ಪಡಸಾಲೆಯಲ್ಲಿ, ಯಾರದೋ ಜಗಲಿಯಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಹೇಳಿದರು. ವಠಾರ ಶಾಲೆ ಎಂದು ಜನ ಕರೆದರು. ಫೋನಿಲ್ಲದ ಮಗುವಿನ ಮನೆ ಬಾಗಿಲಿಗೆ ಕನ್ನಡ ನಡೆದು ಬಂದದ್ದು ಅದೊಂದೇ ದಾರಿಯಲ್ಲಿ. ಕೆಲವು ಕಡೆ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂತು. ಟಿವಿಯವರು ಎಗರಾಡಿದರು. ಅಕ್ಟೋಬರ್‌ನಲ್ಲಿ ಸರ್ಕಾರ ಇಡೀ ರಾಜ್ಯಕ್ಕೇ ಅದನ್ನು ನಿಲ್ಲಿಸಿಬಿಟ್ಟಿತು. ಸೋಂಕು ಇದ್ದ ಊರಲ್ಲಿ ನಿಲ್ಲಿಸಿ ಇಲ್ಲದ ಊರಲ್ಲಿ ಮುಂದುವರಿಸಿ ಎನ್ನುವ ಧೈರ್ಯ ವಿಧಾನಸೌಧದಲ್ಲಿ ಯಾರಿಗೂ ಬರಲಿಲ್ಲ. ಹೊಸ ವರ್ಷದಲ್ಲಿ ಮತ್ತೆ ಶುರು ಮಾಡಿದರು, ಅದೂ ದೊಡ್ಡ ಮಕ್ಕಳಿಗೆ.

ಊಟದ ಮಾತಿಗೆ ಬರೋಣ. ಶಾಲೆ ಎಂದರೆ ಬಡವರ ಮಗುವಿಗೆ ಮೊದಲು ಬಿಸಿಯೂಟ, ಆಮೇಲೆ ಪಾಠ. ನಗರದಲ್ಲಿ ಹುಟ್ಟಿದ ನಿಮಗೆ ಇದು ಗೊತ್ತಾಗಲಿಕ್ಕಿಲ್ಲ. ೨೦೦೨ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದೇ ಉತ್ತರದ ಬಡ ಜಿಲ್ಲೆಗಳಲ್ಲಿ. ೨೦೨೦ರ ಮಾರ್ಚ್ ೧೮ರಂದು ಸುಪ್ರೀಂ ಕೋರ್ಟು ತಾನೇ ಮುಂದಾಗಿ, ಶಾಲೆ ಮುಚ್ಚಿದರೆ ಮಕ್ಕಳ ಊಟದ ಗತಿ ಏನೆಂದು ಎಲ್ಲ ರಾಜ್ಯಗಳನ್ನು ಕೇಳಿತು. ನಮ್ಮಲ್ಲಿ ಬೇಯಿಸಿದ ಊಟದ ಬದಲು ಅಕ್ಕಿ-ಬೇಳೆ ಕೊಟ್ಟರು, ಅದೂ ತಿಂಗಳುಗಟ್ಟಲೆ ತಡವಾಗಿ. ಮನೆಗೆ ಬಂದ ಅಕ್ಕಿ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಕೂಲಿ ನಿಂತುಹೋದ ಮನೆಯಲ್ಲಿ ಇದು ಮಗುವಿನ ಪಾಲು ಎಂದು ಎತ್ತಿಡುವವರಾರು? ಬಿಸಿಯೂಟದ ಒಲೆ ಮತ್ತೆ ಹೊತ್ತಿದ್ದು ೨೦೨೧ರ ಅಕ್ಟೋಬರ್‌ನಲ್ಲಿ. ಆ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟರೆ ಅದಕ್ಕೂ ಅಡ್ಡಗಾಲು ಹಾಕಲು ಕೆಲವು ಸ್ವಾಮಿಗಳು ಎದ್ದು ನಿಂತರು. ಹಸಿದವರು ಯಾರೂ ಆ ಗುಂಪಿನಲ್ಲಿ ಇರಲಿಲ್ಲ.

ಪ್ರೆಸ್ಸು ನಡೆಸುವವನಾಗಿ ನನಗೆ ತಿಳಿದ ಒಂದು ಸಂಗತಿ ಹೇಳುತ್ತೇನೆ. ಲಗ್ನಪತ್ರಿಕೆ ಅಚ್ಚು ಹಾಕಲು ಬಂದವರ ಹತ್ತಿರ ಹುಡುಗ ಹುಡುಗಿಯ ವಯಸ್ಸಿನ ದಾಖಲೆ ನೋಡಬೇಕೆಂದು ನಮ್ಮ ಮುದ್ರಣಾಲಯಗಳಿಗೆ ಜಿಲ್ಲಾಡಳಿತಗಳು ಸೂಚನೆ ಕೊಡುತ್ತವೆ. ಕಲ್ಯಾಣ ಮಂಟಪದವರಿಗೂ ಹಾಗೆಯೇ. ಬಾಲ್ಯವಿವಾಹ ಸಿಕ್ಕಿಬೀಳುವುದೇ ಇಂಥ ಕಡೆ. ಲಾಕ್‌ಡೌನಿನಲ್ಲಿ ಏನಾಯಿತು? ಮದುವೆಗೆ ಐವತ್ತೇ ಜನ ಎಂದರು. ಮಂಟಪ ಬೇಡ, ಪತ್ರಿಕೆ ಬೇಡ, ಓಲಗ ಬೇಡ, ಊಟದ ಖರ್ಚಿಲ್ಲ. ಮನೆ ಅಂಗಳದಲ್ಲಿ ಬೆಳಿಗ್ಗೆ ಐದಕ್ಕೆ ತಾಳಿ ಕಟ್ಟಿಸಿದರೆ ಮುಗಿಯಿತು. ಮಗಳು ಶಾಲೆಗೂ ಹೋಗುತ್ತಿಲ್ಲ, ಮನೆಯಲ್ಲಿ ಕೂತಿದ್ದಾಳೆ, ಖರ್ಚು ಕಡಿಮೆ, ಈಗಲೇ ಮುಗಿಸಿಬಿಡೋಣ ಅಂದುಕೊಂಡ ಅಪ್ಪಂದಿರೆಷ್ಟು ಜನವೋ! ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಕಾನೂನಿಗೆ ತಿದ್ದುಪಡಿ ತಂದ ರಾಜ್ಯ ನಮ್ಮದು. ಆದರೆ ಹುಡುಗಿ ಎರಡು ದಿನ ತರಗತಿಗೆ ಬರದಿದ್ದರೆ ‘ಎಲ್ಲಿ ಅವಳು?’ ಎಂದು ಕೇಳುತ್ತಿದ್ದ ಟೀಚರು ಇರಲಿಲ್ಲ. ಹಾಜರಿ ಪುಸ್ತಕವೇ ಆ ಹುಡುಗಿಯ ಕಾವಲುಗಾರನಾಗಿತ್ತು ಕಣ್ರೀ. ಅದನ್ನು ಮುಚ್ಚಿದ ಮೇಲೆ ಯಾವ ಕಾನೂನು ಏನು ಮಾಡೀತು?

ಹುಡುಗರ ಕಥೆ ಬೇರೆ. ೨೦೨೦ರ ದಸರಾ ಹೊತ್ತಿಗೆ ನಮ್ಮ ಪ್ರೆಸ್ಸುಗಳ ಬೀದಿಯಲ್ಲಿ ‘ಅಣ್ಣಾ, ಬೈಂಡಿಂಗ್ ಕೆಲಸ ಇದೆಯಾ’ ಎಂದು ಕೇಳಿಕೊಂಡು ಬಂದ ಹುಡುಗರಲ್ಲಿ ಮೀಸೆ ಚಿಗುರದವರೇ ಹೆಚ್ಚು. ‘ಯಾವ ಕ್ಲಾಸೋ?’ ಎಂದರೆ ‘ಏಳು, ಶಾಲೆ ಇಲ್ಲ ಅಣ್ಣಾ’ ಎಂಬ ಉತ್ತರ. ಕಟಿಂಗ್ ಮಷಿನ್ ಇರುವ ಜಾಗಕ್ಕೆ ಅಂಥವರನ್ನು ಬಿಟ್ಟುಕೊಳ್ಳಲಾಗುತ್ತದೆಯೇ? ಬೈದು ಕಳಿಸಿದೆವು. ಆದರೆ ಬೈಸಿಕೊಂಡ ಹುಡುಗ ಮನೆಗೆ ಹೋಗುವುದಿಲ್ಲ, ಮುಂದಿನ ಗ್ಯಾರೇಜಿಗೆ ಹೋಗುತ್ತಾನೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡಗಳ ಪಕ್ಕ ತಗಡಿನ ಶೆಡ್ಡಿನಲ್ಲಿ ಇರುವವರ ಮಕ್ಕಳು ಆ ವರ್ಷ ಅಪ್ಪ-ಅಮ್ಮನ ಹಿಂದೆ ಊರಿಗೆ ನಡೆದರು, ಮತ್ತೆ ಬಂದರು. ಊರಿನ ಶಾಲೆಯಲ್ಲಿ ಹೆಸರಿದೆ, ಮಗು ಇಲ್ಲ. ಇಲ್ಲಿ ಮಗುವಿದೆ, ಹೆಸರಿಲ್ಲ. ಬೆಂಗಳೂರನ್ನು ಕಟ್ಟುತ್ತಿರುವ ಕನ್ನಡಿಗರು ಯಾರೆಂದು ಕೇಳಿದರೆ ನಾವು ಸಾಫ್ಟ್‌ವೇರ್ ಕಂಪನಿಗಳ ಪಟ್ಟಿ ಓದುತ್ತೇವೆ, ಇವರನ್ನು ಲೆಕ್ಕಕ್ಕೆ ತರುವುದಿಲ್ಲ.

ಇದೆಲ್ಲ ಸರ್ಕಾರಕ್ಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ೨೦೨೧ರ ಫೆಬ್ರವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ ೧೬ ಸಾವಿರ ಮಕ್ಕಳನ್ನು ನೋಡಿ ವರದಿ ಕೊಟ್ಟರು. ಎರಡರಿಂದ ಆರನೇ ತರಗತಿಯ ನೂರಕ್ಕೆ ೯೨ ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಕೌಶಲವನ್ನು ಮರೆತಿದ್ದರು. ಓದುವುದು, ಹೇಳುವುದು, ನಾಲ್ಕು ಸಾಲು ಬರೆಯುವುದು, ಇಂಥವು. ಅದೇ ವರ್ಷ ಜೂನ್‌ನಲ್ಲಿ ಸರ್ಕಾರವೇ ನೇಮಿಸಿದ ಡಾ. ದೇವಿ ಶೆಟ್ಟಿ ಸಮಿತಿಯೂ ಶಾಲೆ ತೆರೆಯಿರಿ ಎಂದು ಹೇಳಿತು. ಅದಾದ ಮೇಲೂ ಚಿಕ್ಕ ಮಕ್ಕಳು ನಾಲ್ಕು ತಿಂಗಳು ಕಾದರು.

ಸರ್ಕಾರ ಮಾಡಿದ್ದೇನು? ೨೦೨೧ರ ಎಸ್ಸೆಸ್ಸೆಲ್ಸಿಯನ್ನು ಎರಡೇ ದಿನದಲ್ಲಿ, ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ ಮಾಡಿ ಬರೆದ ಎಂಟೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಹೆಚ್ಚುಕಡಿಮೆ ಎಲ್ಲರನ್ನೂ ಪಾಸು ಮಾಡಿದರು. ೨೦೨೨ರ ಮೇ ೧೬ಕ್ಕೇ ಶಾಲೆ ತೆರೆದು ‘ಕಲಿಕಾ ಚೇತರಿಕೆ’ ಎಂದರು. ಯೋಚನೆ ಒಳ್ಳೆಯದು. ಆದರೆ ಅದೇ ಬೇಸಿಗೆಯಲ್ಲಿ ನಾಡಿನ ಬುದ್ಧಿವಂತರೆಲ್ಲ ಪಠ್ಯಪುಸ್ತಕದಲ್ಲಿ ಯಾರ ಪಾಠ ಇರಬೇಕು, ಯಾರದ್ದು ಬಿಡಬೇಕು ಎಂದು ಕಚ್ಚಾಡುತ್ತಿದ್ದರು. ಎಡದವರು ಬೈದರು, ಬಲದವರು ಬೈದರು, ಪುಸ್ತಕ ಓದಲು ಬಾರದ ಮಗುವಿನ ಬಗ್ಗೆ ಯಾರೂ ಒಂದು ಧರಣಿ ಕೂರಲಿಲ್ಲ. ನಮ್ಮ ಕನ್ನಡ ಸಂಘಟನೆಗಳೂ ಕೂರಲಿಲ್ಲ.

ಒಂದೇ ವರ್ಷದ ಚೇತರಿಕೆಯಿಂದ ಹತ್ತೊಂಬತ್ತು ತಿಂಗಳ ಗಾಯ ಮಾಯುತ್ತದೆಯೇ? ಲೆಕ್ಕ ಹಾಕಿ. ೨೦೨೦ರಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಗು ಎಸ್ಸೆಸ್ಸೆಲ್ಸಿ ಬರೆಯುವುದು ೨೦೩೦ರಲ್ಲಿ. ಮೂರನೇ ತರಗತಿಯಲ್ಲಿದ್ದದ್ದು ೨೦೨೮ರಲ್ಲಿ. ಅವತ್ತು ಫಲಿತಾಂಶ ಬಿದ್ದರೆ ಪತ್ರಿಕೆಗಳು ‘ಕನ್ನಡ ಮಾಧ್ಯಮ ಕುಸಿತ’ ಎಂದು ತಲೆಬರಹ ಹಾಕುತ್ತವೆ. ನೋಡಿ, ಕನ್ನಡ ಶಾಲೆ ಇಷ್ಟೇ, ಮುಚ್ಚಿ, ವಿಲೀನ ಮಾಡಿ, ಇಂಗ್ಲಿಷ್ ಮಾಡಿ ಎನ್ನುವವರು ಆಗಲೇ ಬಾಗಿಲಲ್ಲಿ ನಿಂತಿದ್ದಾರೆ. ೨೦೧೯ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದದ್ದು ಮರೆತಿರಾ? ಬೀಗ ಹಾಕಿದ್ದು ಸರ್ಕಾರ, ಬೆಟ್ಟು ತೋರಿಸುವುದು ಕನ್ನಡದ ಕಡೆಗೆ!

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಆ ಮಕ್ಕಳು ಹತ್ತನೇ ತರಗತಿ ದಾಟುವವರೆಗೆ, ಅಂದರೆ ೨೦೩೦ರವರೆಗೆ, ಪ್ರತಿ ಸರ್ಕಾರಿ ಶಾಲೆಯಲ್ಲೂ ದಿನಕ್ಕೊಂದು ಗಂಟೆ ಕನ್ನಡ ಓದಿಗೆಂದೇ ಮೀಸಲಿಡಬೇಕು. ಖಾಲಿ ಇರುವ ಶಿಕ್ಷಕರ ಹುದ್ದೆಗಳನ್ನು ತುಂಬಬೇಕು, ಅತಿಥಿ ಶಿಕ್ಷಕರೆಂದು ದಿನ ದೂಡುವುದು ಸಾಕು. ಗುಳೆ ಬಂದ ಮಗುವನ್ನು ಟಿ.ಸಿ. ಕೇಳದೆ ಇದ್ದ ಊರಿನ ಶಾಲೆಗೆ ಸೇರಿಸಿಕೊಳ್ಳಬೇಕು. ಇದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ, ಹೊಸದೇನೂ ಬೇಕಿಲ್ಲ.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನವೆಂಬರ್ ಒಂದಕ್ಕೆ ಧ್ವಜ ಕಟ್ಟಿ, ಆರ್ಕೆಸ್ಟ್ರಾ ಕರೆಸುವ ಪ್ರತಿ ಬಡಾವಣೆಯ ಸಂಘಕ್ಕೂ ಒಂದು ಸರ್ಕಾರಿ ಶಾಲೆ ಪಕ್ಕದಲ್ಲೇ ಇದೆ. ಮುಖ್ಯೋಪಾಧ್ಯಾಯರನ್ನು, ಎಸ್.ಡಿ.ಎಂ.ಸಿ.ಯವರನ್ನು ಕೇಳಿ, ಶನಿವಾರ ಮಧ್ಯಾಹ್ನ ಎರಡು ಗಂಟೆ ಮಕ್ಕಳ ಜೊತೆ ಕೂತು ಓದಿಸಿ. ಹೋಗುವಾಗ ಬಾಯಿಪಾಠ ಮಾಡಿಸುವ ಪುಸ್ತಕ ಒಯ್ಯಬೇಡಿ, ಒಂದು ಪುಟಕ್ಕೆ ನಾಲ್ಕೇ ಸಾಲು ಇರುವ ದಪ್ಪಕ್ಷರದ ಹಾಳೆ ಬೇಕು. ಯಾವ ಸಂಘವಾದರೂ ಸರಿ, ಕಾಗದ ತಂದರೆ ಅಚ್ಚು ಕೂಲಿ ಇಲ್ಲದೆ ನಮ್ಮ ಪ್ರೆಸ್ಸಿನಲ್ಲಿ ಹಾಕಿಕೊಡುತ್ತೇನೆ. ಮುಂಚಿತವಾಗಿ ನಾಲ್ಕು ದಿನ ಹೇಳಿ, ಮದುವೆ ಸೀಸನ್ನಿನಲ್ಲಾದರೆ ಒಂದು ವಾರ.